ಬೇಗ ಬೀಳುವ ಬಾಲು, ತಡವಾಗಿ ಬಿಟ್ಟ ಬಾಲು



ರಾಗಿ ಕೊಯ್ದ ಹೊಲ, ನೆಟ್ಟ ಮೂರು ಕಡ್ಡಿ, ಒಂದು ಟೆನಿಸ್ ಬಾಲು. ನಮ್ಮ ತಾಳವಾಡಿ ಸೀಮೆಯಲ್ಲಿ ಇಷ್ಟಿದ್ದರೆ ಮ್ಯಾಚ್ ಶುರುವಾಗುತ್ತದೆ. ಪ್ರತಿ ತಂಡದಲ್ಲೂ ಒಬ್ಬ ಬೌಲರ್ ಹೀಗಿರುತ್ತಾರೆ: ಓಡಿ ಬರೋದು ಚೆನ್ನಾಗಿದೆ, ಕೈ ತಿರುಗೋದೂ ಚೆನ್ನಾಗಿದೆ, ಆದರೆ ಬಾಲು ಮಾತ್ರ ಪಿಚ್ಚಿನ ನಡುವೆಯೇ ಬಿದ್ದುಬಿಡುತ್ತದೆ. ಬ್ಯಾಟು ಹಿಡಿದವರು ಆರಾಮಾಗಿ ಕಾದು ನಿಂತು ಬಾರಿಸುತ್ತಾರೆ. ಆಗ ನಾಲ್ಕೂ ಕಡೆಯಿಂದ ಒಂದೇ ಸಲಹೆ: “ಇನ್ನೂ ಜೋರಾಗಿ ಹಾಕ್ಲಾ!” ಜೋರಾಗಿ ಹಾಕಿದರೆ ಬಾಲು ಇನ್ನೂ ಹತ್ತಿರದಲ್ಲೇ ಬೀಳುತ್ತದೆ. ಎರಡು ಓವರ್ ಆದ ಮೇಲೆ ಕ್ಯಾಪ್ಟನ್ ಬಾಲು ಇಸ್ಕೊಳ್ತಾರೆ. ಸಂಜೆಗೆ ಭುಜ ನೋವು.

ಈ ಸಲಹೆ ಯಾಕೆ ಕೆಲಸ ಮಾಡುವುದಿಲ್ಲ? ಉತ್ತರ ನಿಮ್ಮ 9ನೇ ತರಗತಿಯ ಚಲನೆಯ ಪಾಠದಲ್ಲೇ ಇದೆ. ಮೊದಲೇ ಹೇಳಿಬಿಡುತ್ತೇನೆ: ಬೇಗ ನೆಲಕ್ಕೆ ಬೀಳುವ ಬಾಲು ಸಾಮಾನ್ಯವಾಗಿ ಕೈಯಿಂದ ತಡವಾಗಿ ಬಿಟ್ಟ ಬಾಲು. ಕೊರತೆ ಇರುವುದು ಬಲದಲ್ಲಿ ಅಲ್ಲ, ಬಿಡುವ ಗಳಿಗೆಯಲ್ಲಿ. ಕೇಳುವುದಕ್ಕೆ ಉಲ್ಟಾ ಅನ್ನಿಸಬಹುದು. ಬನ್ನಿ, ಲೆಕ್ಕ ಹಾಕಿಯೇ ನೋಡೋಣ.

ಕವಣೆ ಕಲ್ಲು ಯಾವ ಕಡೆ ಹೋಗುತ್ತದೆ?

ಹೊಲ ಕಾಯುವವರು ಕವಣೆ ಬೀಸುವುದನ್ನು ನೋಡಿರುತ್ತೀರಿ. ಕಲ್ಲು ಸುತ್ತುತ್ತಾ ಇರುತ್ತದೆ. ಒಂದು ತುದಿ ಬಿಟ್ಟ ಕೂಡಲೇ ಅದು ಸುತ್ತುವುದನ್ನು ನಿಲ್ಲಿಸಿ, ಆ ಕ್ಷಣದಲ್ಲಿ ಯಾವ ಕಡೆಗೆ ಚಲಿಸುತ್ತಿತ್ತೋ ಆ ಕಡೆಗೇ ನೇರವಾಗಿ ಹೊರಡುತ್ತದೆ. ಇದು ಜಡತ್ವ. ಆ ನೇರ ದಾರಿಗೆ ಗಣಿತದಲ್ಲಿ ವೃತ್ತದ ಸ್ಪರ್ಶಕ ಎನ್ನುತ್ತೇವೆ. ಮಳೆಯಲ್ಲಿ ಸೈಕಲ್ ಚಕ್ರದಿಂದ ಕೆಸರು ಸಿಡಿದು ಬೆನ್ನಿಗೆ ಬೀಳುವುದೂ ಇದೇ ನಿಯಮದಿಂದ.

ಬೌಲಿಂಗೂ ಒಂದು ಕವಣೆಯೇ. ಭುಜ ನಡುವಿನ ಬಿಂದು, ಕೈ ತ್ರಿಜ್ಯ, ಬಾಲು ಕಲ್ಲು. ನಿಮ್ಮ ಗೆಳೆಯ ಬಲಗೈಯಲ್ಲಿ ಬೌಲ್ ಮಾಡುತ್ತಾ ಎಡದಿಂದ ಬಲಕ್ಕೆ ಓಡುತ್ತಿದ್ದಾನೆ, ನೀವು ಪಕ್ಕದಲ್ಲಿ ನಿಂತು ನೋಡುತ್ತಿದ್ದೀರಿ ಎಂದುಕೊಳ್ಳಿ. ಅವನ ಭುಜದ ಮೇಲೆ ಒಂದು ಗೋಡೆ ಗಡಿಯಾರ ಅಂಟಿಸಿದಂತೆ ಊಹಿಸಿಕೊಳ್ಳಿ. ಕೈ ಹಿಂದಿನಿಂದ 9 ದಾಟಿ, 12ಕ್ಕೆ ಏರಿ, ಮುಂದೆ 3ರ ಕಡೆಗೆ ಇಳಿಯುತ್ತದೆ.

ಕೈ ಸರಿಯಾಗಿ 12ರಲ್ಲಿ ಇರುವಾಗ ಬಿಟ್ಟರೆ ಬಾಲು ನೆಲಕ್ಕೆ ಸಮಾಂತರವಾಗಿ ಹೊರಡುತ್ತದೆ. 12ಕ್ಕೆ ಮೊದಲೇ ಬಿಟ್ಟರೆ ಕೈ ಇನ್ನೂ ಏರುತ್ತಿರುತ್ತದೆ, ಬಾಲೂ ಸ್ವಲ್ಪ ಮೇಲ್ಮುಖವಾಗಿ ಹೋಗಿ ದೂರದಲ್ಲಿ ಬೀಳುತ್ತದೆ. 12 ದಾಟಿದ ಮೇಲೆ ಬಿಟ್ಟರೆ ಕೈ ಇಳಿಯುತ್ತಿರುತ್ತದೆ, ಬಾಲು ನೆಲದ ಕಡೆಗೆ ಮುಖ ಮಾಡಿಯೇ ಹೊರಡುತ್ತದೆ. ಅದು ಬೇಗ ಬೀಳದೆ ಇನ್ನೇನು ಮಾಡೀತು?

ಲೆಕ್ಕ ಹಾಕೋಣ

ಪಿಚ್ಚಿನ ಉದ್ದ ಸ್ಟಂಪಿನಿಂದ ಸ್ಟಂಪಿಗೆ 22 ಗಜ, ಅಂದರೆ 20.12 ಮೀಟರ್. ಬೌಲರ್ ಕಾಲಿಡುವ ಕ್ರೀಸಿನಿಂದ ಬ್ಯಾಟು ಹಿಡಿದವರ ಕ್ರೀಸಿಗೆ 17.68 ಮೀಟರ್. ನಿಮ್ಮ ಬಾಲಿನ ವೇಗ ಗಂಟೆಗೆ 72 ಕಿ.ಮೀ. ಎಂದಿಟ್ಟುಕೊಳ್ಳೋಣ. ಅದು ಸೆಕೆಂಡಿಗೆ 20 ಮೀಟರ್. ಬಾಲು ಕೈ ಬಿಡುವ ಎತ್ತರ 1.8 ಮೀಟರ್. ಗಾಳಿಯ ತಡೆಯನ್ನು ಸದ್ಯಕ್ಕೆ ಮರೆಯೋಣ.

ಸಮಾಂತರವಾಗಿ ಬಿಟ್ಟ ಬಾಲು ಎಷ್ಟು ಹೊತ್ತು ಗಾಳಿಯಲ್ಲಿರುತ್ತದೆ? 1.8 ಮೀಟರ್ ಎತ್ತರದಿಂದ ಸುಮ್ಮನೆ ಕೈಬಿಟ್ಟ ಬಾಲು ನೆಲ ಮುಟ್ಟಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು. ಎತ್ತರ = ½ × 9.8 × ಸಮಯದ ವರ್ಗ. ಸಮಯ ಸುಮಾರು 0.6 ಸೆಕೆಂಡು. ಅಷ್ಟರಲ್ಲಿ ಬಾಲು ಮುಂದೆ ಹೋಗುವುದು 20 × 0.6, ಅಂದರೆ ಸುಮಾರು 12 ಮೀಟರ್.

ವೇಗ, ಎತ್ತರ ಎರಡನ್ನೂ ಹಾಗೇ ಇಟ್ಟು, ಬಾಲು ಹೊರಡುವ ಕೋನವನ್ನು ಮಾತ್ರ ಬದಲಿಸಿದರೆ ಬಾಲು ಬೀಳುವ ಜಾಗ ಹೀಗೆ ಬರುತ್ತದೆ:

ಕೆಳಮುಖ 10 ಡಿಗ್ರಿ: 6.8 ಮೀಟರ್
ಕೆಳಮುಖ 5 ಡಿಗ್ರಿ: 9.0 ಮೀಟರ್
ಸಮಾಂತರ: 12.1 ಮೀಟರ್
ಮೇಲ್ಮುಖ 3 ಡಿಗ್ರಿ: 14.4 ಮೀಟರ್
ಮೇಲ್ಮುಖ 5 ಡಿಗ್ರಿ: 16.1 ಮೀಟರ್
ಮೇಲ್ಮುಖ 8 ಡಿಗ್ರಿ: 18.9 ಮೀಟರ್

ಕೊನೆಯದು 17.68 ಮೀಟರನ್ನು ದಾಟಿತು, ಅಂದರೆ ನೆಲ ಮುಟ್ಟದೆ ಫುಲ್ ಟಾಸ್ ಆಯಿತು. 14.4 ಮೀಟರಿನದು ಬ್ಯಾಟಿನವರ ಕ್ರೀಸಿಗೆ 3.3 ಮೀಟರ್ ಮುಂಚೆ ಬೀಳುತ್ತದೆ. ಈ ವೇಗದ ಬಾಲಿಗೆ ಅದು ಒಳ್ಳೆಯ ಲೆಂಗ್ತ್. ಮುಂದೆ ಬರಬೇಕೋ ಹಿಂದೆ ಹೋಗಬೇಕೋ ಎಂದು ಬ್ಯಾಟಿನವರು ಗಲಿಬಿಲಿಗೊಳ್ಳುವ ಜಾಗ. ನಮ್ಮ ಗೆಳೆಯನ ಬಾಲು 9 ಮೀಟರಿಗೇ ಬೀಳುತ್ತಿದೆ. ಅವನಿಗೂ ಒಳ್ಳೆಯ ಬೌಲರಿಗೂ ನಡುವೆ ಇರುವ ಅಂತರ 8 ಡಿಗ್ರಿ ಮಾತ್ರ.

“ಜೋರಾಗಿ ಹಾಕು” ಅಂದರೆ ಏನಾಗುತ್ತದೆ?

ಕೆಳಮುಖ 5 ಡಿಗ್ರಿಯ ಬಾಲನ್ನೇ ತೆಗೆದುಕೊಳ್ಳಿ. ಗೆಳೆಯ ಮೈಯೆಲ್ಲಾ ಬಲ ಹಾಕಿ ವೇಗವನ್ನು ನೂರಕ್ಕೆ 10ರಷ್ಟು ಹೆಚ್ಚಿಸಿದ, 20 ಇದ್ದದ್ದು 22 ಆಯಿತು. ಬಾಲು ಬೀಳುವುದು 9.7 ಮೀಟರಿನಲ್ಲಿ. ಗಳಿಸಿದ್ದು 60 ಸೆಂಟಿಮೀಟರ್ ಚಿಲ್ಲರೆ. ಅದೇ ವೇಗದಲ್ಲಿ 5 ಡಿಗ್ರಿ ಮೊದಲೇ ಬಿಟ್ಟಿದ್ದರೆ 3 ಮೀಟರ್ ಸಿಗುತ್ತಿತ್ತು, ಅದೂ ಬಿಟ್ಟಿಯಾಗಿ.

ನಿಜವಾದ ಹೊಲದಲ್ಲಿ ಆ 60 ಸೆಂಟಿಮೀಟರೂ ಸಿಗುವುದಿಲ್ಲ. ಜೋರು ಮಾಡಲು ಹೋದಾಗ ಬೆರಳು ಬಾಲನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತವೆ. ತಲೆ ಕೆಳಗೆ ಬೀಳುತ್ತದೆ. ಬಿಡುವುದು ಇನ್ನಷ್ಟು ತಡವಾಗುತ್ತದೆ. ಕೆಲವರು ಬಾಲನ್ನು ಹೇಗಾದರೂ ದೂರ ತಲುಪಿಸಬೇಕೆಂದು ಮೊಣಕೈ ಮಡಚಿ ಎಸೆದುಬಿಡುತ್ತಾರೆ. ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾದರೆ ಅಂತರರಾಷ್ಟ್ರೀಯ ಕ್ರಿಕೆಟ್ ಅದನ್ನು ಬೌಲಿಂಗ್ ಎನ್ನುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯ ನಿಮ್ಮ ಮೈಯದು. ನಿಮ್ಮ ವಯಸ್ಸಿನಲ್ಲಿ ಎಲುಬಿನ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ, ದೊಡ್ಡವರ ಎಲುಬಿನಷ್ಟು ಗಟ್ಟಿ ಇರುವುದಿಲ್ಲ. ಮುಂಗಾಲು ಊರಿದಾಗ ನೆಲ ನಿಮ್ಮ ತೂಕದ ಹಲವು ಪಟ್ಟು ಬಲದಿಂದ ತಿರುಗಿ ತಳ್ಳುತ್ತದೆ. ಆ ಹೊತ್ತಿಗೇ ಸೊಂಟ ತಿರುಚಿ, ಬಾಗಿ, ಬಲ ಹಾಕುತ್ತಾ ದಿನಕ್ಕೆ ನೂರಾರು ಬಾಲು ಹಾಕಿದರೆ ಕೆಳಬೆನ್ನಿನ ಎಲುಬಿನಲ್ಲಿ ಸಣ್ಣ ಬಿರುಕು ಬರಬಹುದು. ವೇಗದ ಬೌಲರುಗಳನ್ನು ತಿಂಗಳುಗಟ್ಟಲೆ ಕೂರಿಸುವ ಗಾಯ ಅದು. ಹಾಗಾಗಿ “ಇನ್ನೂ ಜೋರಾಗಿ” ಎನ್ನುವುದು ಪ್ರಯೋಜನವಿಲ್ಲದ ಸಲಹೆ ಮಾತ್ರವಲ್ಲ, ಅಪಾಯದ ಸಲಹೆ ಕೂಡ.

ತೋಳಿನ ದಪ್ಪಕ್ಕೂ ಬೌಲಿಂಗಿಗೂ ಎಷ್ಟು ಸಂಬಂಧ ಎಂದು ತಿಳಿಯಬೇಕಾದರೆ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಅವರನ್ನು ನೆನೆಯಿರಿ. ಬಾಲ್ಯದಲ್ಲಿ ಪೋಲಿಯೋ ಬಂದು ಅವರ ಬಲಗೈ ಸೊರಗಿಹೋಗಿತ್ತು. ಅದೇ ಬಲಗೈಯಿಂದ ಅವರು ಲೆಗ್ ಸ್ಪಿನ್ ಹಾಕಿದರು, ಅದೂ ಸ್ಪಿನ್ನರುಗಳಲ್ಲಿ ಅಪರೂಪದ ವೇಗದಲ್ಲಿ. 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ ಕೊಟ್ಟು 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದರು. ಇಂಗ್ಲೆಂಡ್ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಆಡಿದ 58 ಟೆಸ್ಟುಗಳಲ್ಲಿ ಅವರಿಗೆ 242 ವಿಕೆಟ್.

ಐದು ಮಿಲಿಸೆಕೆಂಡಿನ ಕಥೆ

“ಸರಿ, ಹಾಗಾದರೆ 5 ಡಿಗ್ರಿ ಮೊದಲೇ ಬಿಡ್ತೀನಿ” ಎನ್ನುತ್ತೀರಾ? ಸ್ವಲ್ಪ ನಿಲ್ಲಿ. ಅದು ಎಷ್ಟು ಹೊತ್ತು ಗೊತ್ತೇ?

ಸೆಕೆಂಡಿಗೆ 20 ಮೀಟರಿನಲ್ಲಿ ಓಟದಿಂದ 5 ಬಂತು, ಉಳಿದ 15 ತಿರುಗುವ ಕೈಯಿಂದ ಬಂತು ಎಂದಿಟ್ಟುಕೊಳ್ಳೋಣ. ಕೈಯುದ್ದ 65 ಸೆಂಟಿಮೀಟರ್ ಆದರೆ ಅದು ಸುತ್ತುವ ವೃತ್ತದ ಸುತ್ತಳತೆ ಸುಮಾರು 4.1 ಮೀಟರ್. ಅಂದರೆ ಆ ಕ್ಷಣದಲ್ಲಿ ಕೈ ಸೆಕೆಂಡಿಗೆ ಮೂರೂವರೆ ಸುತ್ತಿಗಿಂತ ಹೆಚ್ಚಿನ ವೇಗದಲ್ಲಿರುತ್ತದೆ. ಡಿಗ್ರಿಯಲ್ಲಿ ಹೇಳಿದರೆ ಸೆಕೆಂಡಿಗೆ 1300ಕ್ಕೂ ಹೆಚ್ಚು. ಓಟದ ವೇಗ ಯಾವಾಗಲೂ ನೇರ ಮುಂದಕ್ಕೇ ಇರುವುದರಿಂದ, ಬಾಲಿನ ದಿಕ್ಕು 5 ಡಿಗ್ರಿ ಬದಲಾಗಲು ಕೈ 6ರಿಂದ 7 ಡಿಗ್ರಿ ತಿರುಗಬೇಕು. ನಮ್ಮ ಗಡಿಯಾರದಲ್ಲಿ ಒಂದು ನಿಮಿಷದ ಗೆರೆ 6 ಡಿಗ್ರಿ. ಆ ಒಂದು ಗೆರೆಯನ್ನು ಕೈ ದಾಟುವುದಕ್ಕೆ ಹಿಡಿಯುವುದು ಸುಮಾರು 5 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿದರೆ ಅದರಲ್ಲಿ ಐದು ಚೂರು.

ಕಣ್ಣು ಮಿಟುಕಿಸಲು 100 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಏನನ್ನಾದರೂ ನೋಡಿ, ಮಿದುಳು ತೀರ್ಮಾನಿಸಿ, ಬೆರಳು ಅಲುಗಾಡಲು 150ರಿಂದ 200 ಮಿಲಿಸೆಕೆಂಡು ಬೇಕು. ಹೀಗಿರುವಾಗ “ಈಗ ಬಿಡಬೇಕು” ಎಂದು ಯೋಚಿಸಿ 5 ಮಿಲಿಸೆಕೆಂಡನ್ನು ತಿದ್ದಲು ಯಾರಿಂದಲೂ ಆಗದು. ಆ ಯೋಚನೆ ಬೆರಳಿಗೆ ತಲುಪುವಷ್ಟರಲ್ಲಿ ಬಾಲು ಹೋಗಿ ಆಗಿರುತ್ತದೆ.

ಹಾಗಾದರೆ ಒಳ್ಳೆಯ ಬೌಲರ್ ಹೇಗೆ ತಿದ್ದಿಕೊಳ್ಳುತ್ತಾರೆ? ಬಿಡುವ ಕ್ಷಣವನ್ನಲ್ಲ, ಅದಕ್ಕೆ ಮುಂಚಿನ ನಿಲುವನ್ನು. ಓಟ, ತಲೆ, ಮುಂಗಾಲು, ಎಡಗೈ, ಹಿಡಿತ ಇವೆಲ್ಲಾ ಬಿಡುವ ಕ್ಷಣಕ್ಕಿಂತ ಮೊದಲೇ ಆಗುವಂಥವು. ಅವನ್ನು ನಾವು ನೋಡಬಹುದು, ಬದಲಿಸಬಹುದು. ಅವು ಸರಿ ಇದ್ದರೆ ಬೆರಳು ತಾನಾಗಿಯೇ ಸರಿಯಾದ ಗೆರೆಯಲ್ಲಿ ತೆರೆದುಕೊಳ್ಳುತ್ತದೆ.

ಗಡಿಯಾರ ಎಲ್ಲಿ ಓರೆಯಾಗುತ್ತದೆ?

ಗೋಡೆ ಗಡಿಯಾರವೇ ಮುಂದಕ್ಕೆ ವಾಲಿದರೆ ಅದರ 12 ಇರುವುದು ನಿಜವಾದ 1ರ ಜಾಗದಲ್ಲಿ. ಕೈ ಭುಜದ ಲೆಕ್ಕಕ್ಕೆ 12ರಲ್ಲೇ ಬಿಟ್ಟರೂ ನೆಲದ ಲೆಕ್ಕಕ್ಕೆ ಅದು ತಡ. ಬಾಲು ಬೇಗ ಬೀಳುವ ಬಹುಪಾಲು ಬೌಲರುಗಳ ಸಮಸ್ಯೆ ಇದೇ.

ತಲೆ: ಬಿಡುವ ಮೊದಲೇ ತಲೆ ತಗ್ಗಿದರೆ ಅದರ ಹಿಂದೆಯೇ ಎದೆಯೂ ಬಾಗುತ್ತದೆ. ಕಣ್ಣು ಎಲ್ಲಿ ನೋಡುತ್ತದೋ ಬಾಲು ಅಲ್ಲಿ ಬೀಳುತ್ತದೆ ಎನ್ನುವುದು ಸುಮ್ಮನೆ ಮಾತಲ್ಲ. ಪಿಚ್ಚಿನ ನಡುವಿನ ಮಣ್ಣನ್ನು ನೋಡಬೇಡಿ, ಬಾಲು ಬೀಳಬೇಕಾದ ಜಾಗವನ್ನೋ ಸ್ಟಂಪಿನ ತಲೆಯನ್ನೋ ನೋಡಿ.

ಇನ್ನೊಂದು ಕೈ: ಬಲಗೈ ಬೌಲರಾದರೆ ಎಡಗೈ ಎತ್ತರಕ್ಕೆ ಚಾಚಿ, ಆಮೇಲೆ ಎದೆಯ ಪಕ್ಕಕ್ಕೆ ಸೇದಿಕೊಳ್ಳಬೇಕು. ಅದು ಎತ್ತರಕ್ಕೇ ಹೋಗದೆ ಮೊದಲೇ ಕುಸಿದರೆ ಎಡಭುಜ ಬಿದ್ದು ಮೈಯೆಲ್ಲಾ ಮುಂದಕ್ಕೆ ಉರುಳುತ್ತದೆ.

ಮುಂಗಾಲು: ಊರಿದ ಮುಂಗಾಲಿನ ಮಂಡಿ ಕುಸಿದರೆ ಎರಡು ನಷ್ಟ. ಮೈ ವಾಲುತ್ತದೆ, ಎತ್ತರವೂ ಕಡಿಮೆಯಾಗುತ್ತದೆ. ಬಿಡುವ ಎತ್ತರ 20 ಸೆಂಟಿಮೀಟರ್ ತಗ್ಗಿದರೆ ಸಮಾಂತರವಾಗಿ ಬಿಟ್ಟ ಬಾಲು 70 ಸೆಂಟಿಮೀಟರ್ ಹತ್ತಿರ ಬೀಳುತ್ತದೆ. ಹಾಗೆಂದು ಕಾಲನ್ನು ಕಡ್ಡಿಯಂತೆ ಸೆಟೆಸಬೇಡಿ. ಕುಸಿಯದಂತೆ ನಿಂತರೆ ಸಾಕು. ಕೊನೆಯ ಹೆಜ್ಜೆಯನ್ನು ತೀರಾ ಉದ್ದಕ್ಕೆ ಹಾಕಿದರೂ ಮಂಡಿ ಕುಸಿಯುತ್ತದೆ.

ಹಿಡಿತ: ಬಾಲು ಅಂಗೈಗೆ ಒತ್ತಿಕೊಂಡಿದ್ದರೆ ಬಿಡಿಸಿಕೊಳ್ಳಲು ಹೊತ್ತು ಬೇಕು. ತೋರುಬೆರಳು, ನಡುಬೆರಳು ಮೇಲೆ, ಹೆಬ್ಬೆರಳು ಕೆಳಗೆ, ಅಂಗೈಗೂ ಬಾಲಿಗೂ ನಡುವೆ ಬೆಳಕು ಕಾಣುವಷ್ಟು ಸಂದು. ಕೋಳಿಮರಿ ಹಿಡಿದಂತೆ ಹಿಡಿಯಿರಿ: ಜಾರಬಾರದು, ನೋಯಲೂಬಾರದು.

ಓಟ: ಅಂಕೆ ಮೀರಿ ಓಡಿ ಬಂದರೆ ಕಾಲಿನ ಹಿಂದೆ ಕೈ ಉಳಿಯುತ್ತದೆ, ಆಮೇಲೆ ಅವಸರದಲ್ಲಿ ಎಳೆದುಕೊಳ್ಳುತ್ತದೆ. ಓಟ ಕಡಿಮೆ ಮಾಡಿದ ಕೂಡಲೇ ಲೆಂಗ್ತ್ ಸರಿಹೋದರೆ ಕಾರಣ ಇದೇ ಎಂದು ತಿಳಿಯಿರಿ.

ಮೊದಲು ಅಳೆಯಿರಿ, ಆಮೇಲೆ ತಿದ್ದಿ

ವಿಜ್ಞಾನದ ವಿದ್ಯಾರ್ಥಿಗಳು ಊಹೆಯ ಮೇಲೆ ತಿದ್ದಬಾರದು. ಟೆನಿಸ್ ಬಾಲನ್ನು ಒದ್ದೆ ಮಾಡಿ ಹಾಕಿದರೆ ಒಣಮಣ್ಣಿನ ಮೇಲೆ ಗುರುತು ಬೀಳುತ್ತದೆ. ಇಲ್ಲವೇ ಪಿಚ್ಚಿನ ಮೇಲೆ ಒಲೆಯ ಬೂದಿ ಚೆಲ್ಲಿ. ಸುಣ್ಣದ ಪುಡಿ ಬೇಡ, ಕಣ್ಣಿಗೆ ಅಪಾಯ. ಬೌಲರಿಗೆ ಏನೂ ಹೇಳದೆ 12 ಬಾಲು ಹಾಕಿಸಿ. ಪ್ರತಿ ಗುರುತು ಕ್ರೀಸಿನಿಂದ ಎಷ್ಟು ದೂರ ಎಂದು ಟೇಪು ಹಿಡಿದು ಬರೆದುಕೊಳ್ಳಿ. ಸರಾಸರಿ ತೆಗೆಯಿರಿ. ಅತಿ ಹತ್ತಿರದ್ದಕ್ಕೂ ಅತಿ ದೂರದ್ದಕ್ಕೂ ಇರುವ ಅಂತರವನ್ನೂ ಬರೆಯಿರಿ.

ಹನ್ನೆರಡೂ 8 ಮತ್ತು 10 ಮೀಟರಿನ ನಡುವೆ ಬಿದ್ದಿದ್ದರೆ ಖುಷಿಪಡಿ. ಆ ಬೌಲರಿನ ಕೈ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಿದೆ, ಒಂದು ಕಾರಣ ಹುಡುಕಿ ತಿದ್ದಿದರೆ ಎಲ್ಲಾ ಬಾಲೂ ಒಟ್ಟಿಗೆ ಮುಂದೆ ಸರಿಯುತ್ತವೆ. ಒಂದು 6ಕ್ಕೆ, ಒಂದು 16ಕ್ಕೆ ಬೀಳುತ್ತಿದ್ದರೆ ಮೊದಲು ಓಟವನ್ನೂ ಹೆಜ್ಜೆಯನ್ನೂ ಒಂದೇ ಸಮ ಮಾಡಿಕೊಳ್ಳಬೇಕು. ಲೆಂಗ್ತಿನ ಮಾತು ಆಮೇಲೆ.

ಮೊಬೈಲ್ ಇದ್ದರೆ ಪಕ್ಕದಿಂದ ವಿಡಿಯೋ ತೆಗೆಯಿರಿ, ಆದರೆ ಸ್ಲೋ ಮೋಷನ್‌ನಲ್ಲಿ. ಮಾಮೂಲಿ ವಿಡಿಯೋದಲ್ಲಿ ಸೆಕೆಂಡಿಗೆ 30 ಚಿತ್ರ. ಎರಡು ಚಿತ್ರಗಳ ನಡುವೆ 33 ಮಿಲಿಸೆಕೆಂಡು, ಅಷ್ಟರಲ್ಲಿ ಕೈ 40 ಡಿಗ್ರಿಗೂ ಹೆಚ್ಚು ತಿರುಗಿಬಿಟ್ಟಿರುತ್ತದೆ. ಸೆಕೆಂಡಿಗೆ 240 ಚಿತ್ರ ತೆಗೆಯುವ ಸ್ಲೋ ಮೋಷನ್‌ನಲ್ಲಿ ನಡುವಿನ ಹೊತ್ತು 4 ಮಿಲಿಸೆಕೆಂಡು. ಬಾಲು ಕೈಬಿಟ್ಟ ಚಿತ್ರ ಸಿಗುತ್ತದೆ. ಅದರಲ್ಲಿ ತಲೆ ಎಲ್ಲಿದೆ, ಮಂಡಿ ಹೇಗಿದೆ ನೋಡಿ.

ಒಂದು ಎಚ್ಚರ. ಕ್ರಿಕೆಟ್ ಬಾಲಿನ ತೂಕ 156ರಿಂದ 163 ಗ್ರಾಂ, ಟೆನಿಸ್ ಬಾಲಿನದು 58 ಗ್ರಾಂ ಆಸುಪಾಸು. ಗಾತ್ರ ಹೆಚ್ಚು ಕಡಿಮೆ ಒಂದೇ, ಗಾಳಿಯ ತಡೆಯೂ ಹೆಚ್ಚು ಕಡಿಮೆ ಒಂದೇ. ಆದರೆ ಹಗುರವಾದ ಬಾಲಿನ ವೇಗವನ್ನು ಆ ತಡೆ ಮೂರು ಪಟ್ಟಿನಷ್ಟು ಬೇಗ ತಗ್ಗಿಸುತ್ತದೆ. ಆದ್ದರಿಂದ ಟೆನಿಸ್ ಬಾಲು ಮೇಲಿನ ಲೆಕ್ಕಕ್ಕಿಂತ ಸುಮಾರು ಒಂದು ಮೀಟರ್ ಮೊದಲೇ ಬೀಳುತ್ತದೆ. ಒಂದೇ ಬಾಲಿನಲ್ಲಿ ಅಳೆಯಿರಿ, ಅದೇ ಬಾಲಿನಲ್ಲಿ ತಿದ್ದಿ.

ತಿದ್ದುವ ಕ್ರಮ

ಮೊದಲ ಎರಡು ದಿನ ಓಟವೇ ಬೇಡ. ಕ್ರೀಸಿನಲ್ಲಿ ಪಕ್ಕಕ್ಕೆ ತಿರುಗಿ ನಿಂತು, ಎಡಗೈ ಎತ್ತಿ, ಅರ್ಧ ಬಲದಲ್ಲಿ ಹಾಕಿ. ತಲೆ ಮಾತ್ರ ಗಮನಿಸಿ. ಆಮೇಲೆ ನಾಲ್ಕು ಹೆಜ್ಜೆ ನಡೆದು ಹಾಕಿ. ಆಮೇಲೆ ಅರ್ಧ ಓಟ. ಕೊನೆಗೆ ಪೂರ್ತಿ ಓಟ.

ಪೂರ್ತಿ ಓಟಕ್ಕೆ ಬಂದ ಮೇಲೆ ಒಂದು ದಾರದ ಪ್ರಯೋಗ ಮಾಡಿ. ಕ್ರೀಸಿನಿಂದ 9 ಮೀಟರ್ ದೂರದಲ್ಲಿ ಪಿಚ್ಚಿನ ಎರಡೂ ಪಕ್ಕ ಕಡ್ಡಿ ನೆಟ್ಟು, ನೆಲದಿಂದ 1 ಮೀಟರ್ ಎತ್ತರಕ್ಕೆ ತೆಳು ದಾರ ಕಟ್ಟಿ. ಯಾರೂ ಎಡವದಂತೆ ಬಣ್ಣದ ಬಟ್ಟೆ ಚೂರು ತೂಗುಬಿಡಿ. ಮೇಲಿನ ಪಟ್ಟಿಯಲ್ಲಿ ಕೆಳಮುಖ 5 ಡಿಗ್ರಿಯ ಬಾಲು ಅಲ್ಲಿಗೆ ಬರುವಾಗ ನೆಲ ಮುಟ್ಟುತ್ತಿರುತ್ತದೆ. ಸಮಾಂತರವಾಗಿ ಬಿಟ್ಟದ್ದು 80 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಮೇಲ್ಮುಖ 3 ಡಿಗ್ರಿಯದು 1.28 ಮೀಟರ್ ಎತ್ತರದಲ್ಲಿ ದಾರವನ್ನು ದಾಟುತ್ತದೆ. ದಾರದ ಮೇಲೆ ಹೋಗಿ, ಆಚೆ ಹಾಸಿದ ಗೋಣಿಚೀಲದ ಮೇಲೆ ಬೀಳಬೇಕು, ಅಷ್ಟೇ ಗುರಿ. “ಯಾವಾಗ ಬಿಡಲಿ” ಎಂದು ಯೋಚಿಸುವ ಬದಲು “ದಾರ ದಾಟಿಸಬೇಕು” ಎಂದುಕೊಂಡರೆ ಸಾಕು, ಮೈ ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ತಲೆ, ಹಿಡಿತ, ಓಟ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ದಿನಕ್ಕೆ ನಾಲ್ಕೈದು ಓವರ್ ಸಾಕು. ಭುಜ, ಬೆನ್ನು ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸಿ. ನೋವು ಮುಂದುವರಿದರೆ ಮನೆಯಲ್ಲೂ ಶಾಲೆಯಲ್ಲೂ ಹೇಳಿ. ಚಿಕ್ಕ ತರಗತಿಯ ಹುಡುಗ ಹುಡುಗಿಯರಿಗೆ 22 ಗಜವೇ ಬೇಕೆಂದಿಲ್ಲ, ಪಿಚ್ಚನ್ನು 18 ಗಜಕ್ಕೆ ಇಳಿಸಿ. ಉದ್ದ ಹೆಚ್ಚಾದರೆ ಅವರು ಎಸೆಯುವುದನ್ನು ಕಲಿಯುತ್ತಾರೆ, ಬೌಲಿಂಗ್ ಕಲಿಯುವುದಿಲ್ಲ.

ಬೆಳೆದ ಮೇಲೆ ತಿದ್ದಿಕೊಳ್ಳಲು ಆಗುತ್ತದಾ? ನಮ್ಮ ಈರೋಡಿನ ಪಕ್ಕದ ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್ ಟೆನಿಸ್ ಬಾಲಿನಲ್ಲಿ ಆಡಿ ಬೆಳೆದವರು. 2015ರಲ್ಲಿ ತಮಿಳುನಾಡಿನ ರಣಜಿ ತಂಡಕ್ಕೆ ಬಂದ ಹೊಸತರಲ್ಲೇ ಅವರ ಬೌಲಿಂಗ್ ಶೈಲಿ ಸಂಶಯಕ್ಕೆ ಗುರಿಯಾಯಿತು. ಅವರು ಕೈಚೆಲ್ಲಲಿಲ್ಲ, ಶೈಲಿಯನ್ನು ತಿದ್ದಿಕೊಂಡು ಮರಳಿ ಬಂದರು. 2020ರ ಡಿಸೆಂಬರ್ ಮತ್ತು 2021ರ ಜನವರಿ ನಡುವೆ ಆಸ್ಟ್ರೇಲಿಯಾದಲ್ಲಿ ಭಾರತದ ಪರ ಏಕದಿನ, ಟಿ20, ಟೆಸ್ಟ್ ಮೂರಕ್ಕೂ ಕಾಲಿಟ್ಟರು. ಇವತ್ತು ಅವರ ಹೆಸರು ಹೇಳಿದರೆ ನೆನಪಾಗುವುದು ಯಾರ್ಕರ್, ಬ್ಯಾಟಿನವರ ಕಾಲಬುಡದಲ್ಲೇ ಬೀಳುವ ಬಾಲು.

ಬೇಕೆಂದೇ ಬೇಗ ಬೀಳಿಸುವವರು

ಕೊನೆಗೊಂದು ಮಾತು. ಬಾಲು ಬೇಗ ಬೀಳುವುದು ಯಾವಾಗಲೂ ತಪ್ಪಲ್ಲ. ಬೆಂಗಳೂರಿನ ಆಫ್ ಸ್ಪಿನ್ನರ್ ಇ.ಎ.ಎಸ್. ಪ್ರಸನ್ನ 49 ಟೆಸ್ಟುಗಳಲ್ಲಿ 189 ವಿಕೆಟ್ ಪಡೆದದ್ದು ಇದೇ ವಿದ್ಯೆಯಿಂದ. ಅವರೂ ಇಂಜಿನಿಯರಿಂಗ್ ಓದಿದವರು. ಅವರ ಬಾಲು ಗಾಳಿಯಲ್ಲಿ ಏರುತ್ತಿತ್ತು, ಬ್ಯಾಟಿನವರು ಮುನ್ನುಗ್ಗುತ್ತಿದ್ದರು, ಬಾಲು ಅವರು ಎಣಿಸಿದ್ದಕ್ಕಿಂತ ಮೊದಲೇ ಕೆಳಗಿಳಿದುಬಿಡುತ್ತಿತ್ತು. ಬಾಲಿನ ಮೇಲ್ಭಾಗ ಮುಂದಕ್ಕೆ ಉರುಳುವಂತೆ ಸುತ್ತು ಕೊಟ್ಟರೆ ಗಾಳಿ ಅದನ್ನು ಕೆಳಗೆ ತಳ್ಳುತ್ತದೆ. ಇದಕ್ಕೆ ಮ್ಯಾಗ್ನಸ್ ಪರಿಣಾಮ ಎಂದು ಹೆಸರು.

ನಮ್ಮ ಗೆಳೆಯನ ಬಾಲೂ ಬೇಗ ಬೀಳುತ್ತದೆ, ಪ್ರಸನ್ನ ಅವರದೂ ಬೇಗ ಬೀಳುತ್ತಿತ್ತು. ಒಬ್ಬರಿಗೆ ಕಾರಣ ಗೊತ್ತಿತ್ತು, ಇನ್ನೊಬ್ಬರಿಗೆ ಇನ್ನೂ ಗೊತ್ತಿಲ್ಲ. ಮುಂದಿನ ಸಲ “ಜೋರಾಗಿ ಹಾಕ್ಲಾ” ಎನ್ನುವ ಬದಲು “ತಲೆ ಎತ್ತು, ದಾರ ದಾಟಿಸು” ಎಂದು ಕೂಗಿ ನೋಡಿ.

ನೀವೇ ಮಾಡಿ

1. ಬಿಡುವ ಎತ್ತರ 1.6 ಮೀಟರ್, ವೇಗ ಸೆಕೆಂಡಿಗೆ 15 ಮೀಟರ್. ಸಮಾಂತರವಾಗಿ ಬಿಟ್ಟ ಬಾಲು ಎಷ್ಟು ದೂರದಲ್ಲಿ ಬೀಳುತ್ತದೆ? ಈ ಬೌಲರ್ ಒಳ್ಳೆಯ ಲೆಂಗ್ತ್ ಪಡೆಯಲು ಮೇಲಿನ ಉದಾಹರಣೆಗಿಂತ ಮೊದಲೇ ಬಿಡಬೇಕೇ, ತಡವಾಗಿ ಬಿಡಬೇಕೇ? ಯಾಕೆ?

2. ನಿಮ್ಮ ತಂಡದ ಮೂವರು ಬೌಲರುಗಳ 12–12 ಬಾಲುಗಳನ್ನು ಅಳೆದು ನಕ್ಷೆ ಬರೆಯಿರಿ. ದಾರದ ಪ್ರಯೋಗವನ್ನು ಒಂದು ವಾರ ಮಾಡಿ ಮತ್ತೆ ಅಳೆಯಿರಿ. ಸರಾಸರಿ ಬದಲಾಯಿತೇ, ಅಂತರ ಬದಲಾಯಿತೇ, ಎರಡೂ ಬದಲಾದವೇ? ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.